ಎಣಿಸಿದ ಅಂಕಿ, ಹಂಚಿದ ಅಂಕಿ: ಜಿಲ್ಲಾವಾರು ಆಂತರಿಕ ಉತ್ಪನ್ನದ ಕುರಿತು ಒಂದು ಬಹಿರಂಗ ಪತ್ರ

ಗೆ,
ನಿರ್ದೇಶಕರು,
ಆರ್ಥಿಕ ಮತ್ತು ಸಾಂಖ್ಯಿಕ ನಿರ್ದೇಶನಾಲಯ,
ಕರ್ನಾಟಕ ಸರ್ಕಾರ, ಬೆಂಗಳೂರು

ವಿಷಯ: ಜಿಲ್ಲೆಗಳ ಉತ್ಪನ್ನ ಮತ್ತು ಬೆಳವಣಿಗೆ ದರವನ್ನು ಹೋಲಿಸಿ ಪ್ರಕಟಿಸುವ ಕ್ರಮದಲ್ಲಿ ಆಗಬೇಕಾದ ಬದಲಾವಣೆಗಳು.

ಮಾನ್ಯರೇ,

ಮುಂಗಡಪತ್ರದ ಹೊತ್ತಿಗೆ ಕರ್ನಾಟಕ ಆರ್ಥಿಕ ಸಮೀಕ್ಷೆ ಹೊರಬಂದ ಮರುದಿನ ಪತ್ರಿಕೆಗಳಲ್ಲಿ ಒಂದು ಪಟ್ಟಿ ತಪ್ಪದೆ ಕಾಣಿಸಿಕೊಳ್ಳುತ್ತದೆ. ತಲಾ ಆದಾಯದಲ್ಲಿ ಬೆಂಗಳೂರು ನಗರ ಜಿಲ್ಲೆ ಎಲ್ಲರಿಗಿಂತ ಮೇಲೆ, ಅದರ ಹಿಂದೆ ದಕ್ಷಿಣ ಕನ್ನಡ, ಉಡುಪಿಯಂಥ ಜಿಲ್ಲೆಗಳು, ತೀರ ಕೆಳಗೆ ಕಲಬುರಗಿ ಇಲ್ಲವೇ ಅದರ ನೆರೆಯ ಮತ್ತೊಂದು ಜಿಲ್ಲೆ. ಮೊದಲಿನದಕ್ಕೂ ಕೊನೆಯದಕ್ಕೂ ಸುಮಾರು ಐದು ಪಟ್ಟು ಅಂತರ. ಆ ಪಟ್ಟಿ ಹಿಡಿದುಕೊಂಡು ವಿಧಾನಮಂಡಲದಲ್ಲಿ ಮಾತುಗಳಾಗುತ್ತವೆ, ಜಿಲ್ಲಾ ಉಸ್ತುವಾರಿ ಸಚಿವರು ತಮ್ಮ ಜಿಲ್ಲೆಯ ಬೆಳವಣಿಗೆ ದರವನ್ನು ಭಾಷಣದಲ್ಲಿ ಉಲ್ಲೇಖಿಸುತ್ತಾರೆ, ನನ್ನಂಥ ಅರ್ಥಶಾಸ್ತ್ರದ ಅಧ್ಯಾಪಕರು ಅದನ್ನೇ ಕಪ್ಪುಹಲಗೆಯ ಮೇಲೆ ಬರೆದು ಪಾಠ ಮಾಡುತ್ತೇವೆ.

ಆ ಅಂಕಿಗಳನ್ನು ಪ್ರಕಟಿಸಬೇಡಿ ಎಂದು ಕೇಳಲು ಈ ಪತ್ರ ಬರೆಯುತ್ತಿಲ್ಲ. ಮೂವತ್ತೊಂದು ಜಿಲ್ಲೆಗಳಿಗೂ ಪ್ರತಿವರ್ಷ ಉತ್ಪನ್ನದ ಅಂದಾಜು ತಯಾರಿಸುವುದು ಸುಲಭದ ಕೆಲಸವಲ್ಲ, ಅದಕ್ಕೆ ತಮ್ಮ ಸಿಬ್ಬಂದಿ ಪಡುವ ಶ್ರಮದ ಅರಿವು ನನಗಿದೆ. ನನ್ನ ಕೋರಿಕೆ ಇಷ್ಟು: ಜಿಲ್ಲೆಯ ಹೆಸರಿನ ಮುಂದೆ ಬರೆಯುವ ಒಂದೊಂದು ಅಂಕಿಯ ಪಕ್ಕದಲ್ಲಿ, ಅದು ಆ ಜಿಲ್ಲೆಯಲ್ಲಿ ನಿಜವಾಗಿ ಎಣಿಸಿದ್ದೋ ಅಥವಾ ರಾಜ್ಯದ ಮೊತ್ತದಿಂದ ಯಾವುದೋ ಅನುಪಾತದ ಮೇಲೆ ಹಂಚಿಕೊಟ್ಟಿದ್ದೋ ಎಂಬುದನ್ನು ಪಟ್ಟಿಯಲ್ಲಿಯೇ ತೋರಿಸಿ. ವರದಿಯ ವಿಧಾನ ವಿವರಣೆಯಲ್ಲಿ ಈ ವಿಷಯ ಬರುತ್ತದೆ ಎಂದು ತಾವು ಹೇಳಬಹುದು. ಆದರೆ ಆ ಪುಟಗಳನ್ನು ಓದುವವರು ಕೆಲವರೇ. ಜನರ ಬಾಯಲ್ಲೂ ಸರ್ಕಾರದ ಕಡತದಲ್ಲೂ ಉಳಿಯುವುದು ಶ್ರೇಯಾಂಕ ಮಾತ್ರ.

ಈ ವ್ಯತ್ಯಾಸ ಏಕೆ ಮುಖ್ಯ ಎಂಬುದನ್ನು ಸಾಮಾನ್ಯ ಓದುಗರ ಸಲುವಾಗಿ ಸ್ವಲ್ಪ ವಿವರಿಸುತ್ತೇನೆ. ಜಿಲ್ಲೆಯ ಒಟ್ಟು ಆಂತರಿಕ ಉತ್ಪನ್ನವೆಂದರೆ ಆ ಜಿಲ್ಲೆಯ ಗಡಿಯೊಳಗೆ ಒಂದು ವರ್ಷದಲ್ಲಿ ಹುಟ್ಟಿದ ಮೌಲ್ಯವರ್ಧನೆಯ, ಅಂದರೆ ಉತ್ಪಾದನೆಯ ಮೌಲ್ಯದಿಂದ ಕೊಂಡ ಸಾಮಗ್ರಿಗಳ ವೆಚ್ಚ ಕಳೆದು ಉಳಿಯುವುದರ ಮೊತ್ತ. ಬೆಳೆಗಳ ವಿಷಯದಲ್ಲಿ ಇದನ್ನು ಹೆಚ್ಚುಕಡಿಮೆ ನೇರವಾಗಿಯೇ ಲೆಕ್ಕ ಹಾಕಬಹುದು. ಬಿತ್ತನೆಯಾದ ವಿಸ್ತೀರ್ಣ ಗೊತ್ತಿರುತ್ತದೆ, ಬೆಳೆ ಕಟಾವು ಪ್ರಯೋಗಗಳಿಂದ ಇಳುವರಿ ಸಿಗುತ್ತದೆ, ಬೆಲೆ ಮಾರುಕಟ್ಟೆಯಿಂದ ತಿಳಿಯುತ್ತದೆ. ಗಣಿಗಾರಿಕೆಗೆ ಗಣಿವಾರು ಲೆಕ್ಕವಿದೆ, ನೋಂದಾಯಿತ ಕಾರ್ಖಾನೆಗಳಿಗೆ ಕೈಗಾರಿಕೆಗಳ ವಾರ್ಷಿಕ ಸಮೀಕ್ಷೆಯಿದೆ. ವ್ಯಾಪಾರ, ಹೋಟೆಲು, ಲಾರಿ ಸಾಗಣೆ, ಮನೆ ಕಟ್ಟುವ ಕೆಲಸ, ಸಣ್ಣಪುಟ್ಟ ರಿಪೇರಿ ಅಂಗಡಿ, ಖಾಸಗಿ ಟ್ಯೂಷನ್ ಇವುಗಳ ಸ್ಥಿತಿ ಹಾಗಲ್ಲ. ಇವುಗಳಿಗೆ ಬಹುಮಟ್ಟಿಗೆ ರಾಜ್ಯದ ಒಟ್ಟು ಅಂದಾಜನ್ನು ಮೊದಲು ಮಾಡಿ, ಅದನ್ನು ದುಡಿಯುವವರ ಸಂಖ್ಯೆಯಂಥ ಒಂದು ಸೂಚಕದ ಅನುಪಾತದಲ್ಲಿ ಜಿಲ್ಲೆಗಳಿಗೆ ಹಂಚಬೇಕಾಗುತ್ತದೆ. ಇನ್ನು ರೈಲ್ವೆ, ಬ್ಯಾಂಕು ಮತ್ತು ವಿಮೆ, ಕೇಂದ್ರ ಸರ್ಕಾರದ ಆಡಳಿತ ಇವುಗಳ ಲೆಕ್ಕ ರಾಜ್ಯಕ್ಕೇ ದೆಹಲಿಯಿಂದ ಹಂಚಿಕೆಯಾಗಿ ಬರುತ್ತದೆ, ಜಿಲ್ಲೆಗೆ ಅದು ಹಂಚಿಕೆಯ ಹಂಚಿಕೆ.

ಕರ್ನಾಟಕದ ಉತ್ಪನ್ನದಲ್ಲಿ ಸೇವಾ ವಲಯದ ಪಾಲು ಸುಮಾರು ಮೂರನೇ ಎರಡು ಭಾಗ. ನೇರವಾಗಿ ಎಣಿಸಲು ಅತಿ ಕಷ್ಟವಾದದ್ದೇ ಲೆಕ್ಕದಲ್ಲಿ ಅತಿ ದೊಡ್ಡದು ಎಂದಾಯಿತು. ಈಗ ಒಂದು ಮಳೆಯಾಶ್ರಿತ ಜಿಲ್ಲೆಯ ವಿಷಯ ನೋಡೋಣ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಸರ್ಕಾರ ಘೋಷಿಸಿತು. ಅಂಥ ವರ್ಷದಲ್ಲಿ ಯಾದಗಿರಿಯ ಒಬ್ಬ ಕಿರಾಣಿ ವ್ಯಾಪಾರಿಗೆ, ಗೊಬ್ಬರದ ಅಂಗಡಿಯವನಿಗೆ, ಟ್ರ್ಯಾಕ್ಟರ್ ಬಾಡಿಗೆಗೆ ಬಿಡುವವನಿಗೆ ವ್ಯಾಪಾರ ಕುಸಿಯುವುದು ಸಹಜ, ಏಕೆಂದರೆ ಅವರ ಗಿರಾಕಿಯ ಕೈಯಲ್ಲಿ ಹಣವಿಲ್ಲ. ಆದರೆ ವ್ಯಾಪಾರ ವಲಯದ ರಾಜ್ಯಮಟ್ಟದ ಅಂದಾಜು ಬೆಂಗಳೂರಿನ ಮಾಲ್‌ಗಳ, ಆನ್‌ಲೈನ್ ಮಾರಾಟದ ಬಲದಿಂದ ಏರಿದ್ದರೆ, ಹಂಚುವ ಅನುಪಾತ ಹಿಂದಿನ ವರ್ಷದ್ದೇ ಆಗಿದ್ದರೆ, ಯಾದಗಿರಿಯ ವ್ಯಾಪಾರವೂ ಪುಸ್ತಕದಲ್ಲಿ ಅಷ್ಟೇ ಏರುತ್ತದೆ. ಬರದ ಪೆಟ್ಟು ಕೃಷಿಯ ಸಾಲಿನಲ್ಲಿ ಮಾತ್ರ ಕಾಣುತ್ತದೆ, ಅದರ ಬೆನ್ನಿಗೆ ಊರಿನ ಉಳಿದ ಕಸುಬುಗಳ ಮೇಲೆ ಬಿದ್ದ ಪೆಟ್ಟು ಕಾಣುವುದೇ ಇಲ್ಲ. ಹೀಗೆ ಹಂಚಿಕೆಯಿಂದ ಬಂದ ವಲಯಗಳಲ್ಲಿ ಎಲ್ಲ ಜಿಲ್ಲೆಗಳೂ ರಾಜ್ಯದ ಸರಾಸರಿಯ ವೇಗದಲ್ಲೇ ಓಡುತ್ತವೆ. ಆ ಮೇಲೆ ನಾವು ಅವುಗಳ ಬೆಳವಣಿಗೆ ದರಗಳನ್ನು ಹೋಲಿಸಿ, ಜಿಲ್ಲೆಗಳ ನಡುವಣ ಅಂತರ ಕಡಿಮೆಯಾಗುತ್ತಿದೆ ಎಂದೋ ಹೆಚ್ಚುತ್ತಿಲ್ಲ ಎಂದೋ ತೀರ್ಮಾನಿಸಿದರೆ, ನಾವೇ ಹಾಕಿಕೊಂಡ ಅನುಪಾತವನ್ನು ನಾವೇ ಓದಿಕೊಂಡಂತೆ.

ಸರಕು ಮತ್ತು ಸೇವಾ ತೆರಿಗೆ ಬಂದ ಮೇಲೆ ಈ ಕೊರತೆ ತಾನಾಗಿ ನೀಗುತ್ತದೆ ಎಂಬ ನಿರೀಕ್ಷೆ ಕೆಲವರಿಗಿತ್ತು. ಆದರೆ ಒಂದು ಕಂಪನಿ ಒಂದು ರಾಜ್ಯದಲ್ಲಿ ಎಷ್ಟು ಕಡೆ ವ್ಯವಹಾರ ನಡೆಸಿದರೂ ಸಾಮಾನ್ಯವಾಗಿ ಒಂದೇ ನೋಂದಣಿ ಸಾಕು. ರಾಯಚೂರಿನ ಗೋದಾಮು, ಹುಬ್ಬಳ್ಳಿಯ ಮಳಿಗೆ, ಬೆಂಗಳೂರಿನ ಕಚೇರಿ ಎಲ್ಲವೂ ಒಂದೇ ತೆರಿಗೆ ವಿವರಣಾಪತ್ರದಲ್ಲಿ ಸೇರಿಹೋಗುತ್ತವೆ. ರಾಜ್ಯಕ್ಕೆ ಬೇಕಾದದ್ದು ಅದರಿಂದ ಸಿಗುತ್ತದೆ, ಜಿಲ್ಲೆಗೆ ಬೇಕಾದದ್ದು ಸಿಗುವುದಿಲ್ಲ.

ಇನ್ನೊಂದು ತೊಡಕು ಇದಕ್ಕಿಂತ ಆಳವಾದದ್ದು. ಉತ್ಪನ್ನ ಎಲ್ಲಿ ಹುಟ್ಟಿತು ಎಂಬುದು ಒಂದು ಪ್ರಶ್ನೆ, ಆ ಆದಾಯ ಯಾರ ಮನೆ ಸೇರಿತು ಎಂಬುದು ಬೇರೆಯೇ ಪ್ರಶ್ನೆ. ಜಿಲ್ಲಾ ಉತ್ಪನ್ನವನ್ನು ಜನಸಂಖ್ಯೆಯಿಂದ ಭಾಗಿಸಿ ಬಂದದ್ದನ್ನು ನಾವು ತಲಾ ಆದಾಯ ಎಂದು ಕರೆದುಬಿಡುತ್ತೇವೆ. ರಾಯಚೂರು ತಾಲ್ಲೂಕಿನ ಶಕ್ತಿನಗರದ ಶಾಖೋತ್ಪನ್ನ ವಿದ್ಯುತ್ ಕೇಂದ್ರದ ಸಾಮರ್ಥ್ಯ 1,720 ಮೆಗಾವಾಟ್. ಹೊರಗಿನಿಂದ ತಂದ ಕಲ್ಲಿದ್ದಲಿನ ವೆಚ್ಚ ಮೊದಲಾದವನ್ನು ಕಳೆದು ಉಳಿಯುವ ಮೌಲ್ಯವರ್ಧನೆ ರಾಯಚೂರು ಜಿಲ್ಲೆಯ ಲೆಕ್ಕಕ್ಕೆ ಸೇರುತ್ತದೆ. ವಿದ್ಯುತ್ತು ರಾಜ್ಯದ ಜಾಲಕ್ಕೆ ಹೋಗುತ್ತದೆ, ಜಿಲ್ಲೆಯಲ್ಲಿ ಉಳಿಯುವುದು ನೌಕರರ ಸಂಬಳದ ಒಂದು ಭಾಗ ಮತ್ತು ಹಾರುಬೂದಿ. ಹಾರುಬೂದಿಗೆ ರಾಷ್ಟ್ರೀಯ ಲೆಕ್ಕದಲ್ಲಿ ಕಳೆಯುವ ಚಿಹ್ನೆ ಇಲ್ಲ. ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನಲ್ಲಿ ದೇಶದ ಅತಿ ದೊಡ್ಡ ಉಕ್ಕಿನ ಕಾರ್ಖಾನೆಗಳಲ್ಲೊಂದಿದೆ. ಅದರ ಉತ್ಪನ್ನ ಬಳ್ಳಾರಿಯದು, ಲಾಭಾಂಶ ದೇಶದ ಮತ್ತು ಹೊರದೇಶದ ಷೇರುದಾರರದು. ಮಂಗಳೂರಿನ ತೈಲ ಶುದ್ಧೀಕರಣ ಘಟಕ ವರ್ಷಕ್ಕೆ 1.5 ಕೋಟಿ ಟನ್ ಕಚ್ಚಾ ತೈಲ ಸಂಸ್ಕರಿಸುವಷ್ಟು ದೊಡ್ಡದು. ಅಂತರರಾಷ್ಟ್ರೀಯ ಮಾರುಕಟ್ಟೆಯಲ್ಲಿ ಶುದ್ಧೀಕರಣದ ಲಾಭ ಏರಿಳಿದಂತೆ, ಇಪ್ಪತ್ತು ಲಕ್ಷ ಚಿಲ್ಲರೆ ಜನರಿರುವ ದಕ್ಷಿಣ ಕನ್ನಡ ಜಿಲ್ಲೆಯ ತಲಾ ಅಂಕಿಯ ಮೇಲೆ ಅದರ ನೆರಳು ಬೀಳುತ್ತದೆ. ಆ ಏರಿಳಿತಕ್ಕೂ ಬೆಳ್ತಂಗಡಿಯ ಅಡಿಕೆ ಬೆಳೆಗಾರನ ಮನೆಯ ಖರ್ಚುವೆಚ್ಚಕ್ಕೂ ಸಂಬಂಧವೇನಿಲ್ಲ.

ಇದರ ಇನ್ನೊಂದು ಮಗ್ಗುಲು ನಮ್ಮ ಭಾಗದವರಿಗೆ ಚೆನ್ನಾಗಿ ಗೊತ್ತು. ಸುಗ್ಗಿ ಮುಗಿದ ಮೇಲೆ ಯಾದಗಿರಿ, ಕಲಬುರಗಿ, ರಾಯಚೂರು ಜಿಲ್ಲೆಗಳ ಹಳ್ಳಿಗಳಿಂದ ಕುಟುಂಬಗಳು ಗುಳೆ ಹೋಗುತ್ತವೆ. ಬೆಂಗಳೂರು, ಹೈದರಾಬಾದ್, ಪುಣೆ, ಮುಂಬೈ ನಗರಗಳಲ್ಲಿ ಕಟ್ಟಡ ಕಟ್ಟುವ ಕೈಗಳು ಇವರವು. ಅವರ ದುಡಿಮೆಯಿಂದ ಹುಟ್ಟಿದ ಮೌಲ್ಯ ಆ ನಗರಗಳ ಉತ್ಪನ್ನಕ್ಕೆ ಜಮೆಯಾಗುತ್ತದೆ. ಅವರು ಊರಿಗೆ ತಂದ ಹಣ ಊರಿನ ಉತ್ಪನ್ನದಲ್ಲಿ ಲೆಕ್ಕಕ್ಕೆ ಬರುವುದಿಲ್ಲ, ಆದರೆ ತಲಾ ಆದಾಯ ತೆಗೆಯುವಾಗ ಭಾಗಿಸುವ ಜನಸಂಖ್ಯೆಯಲ್ಲಿ ಅವರು ಬಹುಪಾಲು ಊರಿನವರೇ ಆಗಿರುತ್ತಾರೆ. ಕೋಲಾರ ಜಿಲ್ಲೆಯ ಕೆಜಿಎಫ್‌ನಲ್ಲಿ ಭಾರತ್ ಗೋಲ್ಡ್ ಮೈನ್ಸ್ 2001ರಲ್ಲಿ ಮುಚ್ಚಿದ ಮೇಲೆ ಅಲ್ಲಿನ ಸಾವಿರಾರು ಜನ ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ಕೆಲಸಕ್ಕೆ ಹೋಗಿ ರಾತ್ರಿ ಮರಳುತ್ತಾರೆ. ಅವರ ಉತ್ಪನ್ನ ಬೆಂಗಳೂರಿನ ಖಾತೆಯಲ್ಲಿ, ತಲೆಯೆಣಿಕೆ ಕೋಲಾರದ ಖಾತೆಯಲ್ಲಿ. ಕರಾವಳಿಯಲ್ಲಿ ಇದೇ ಮಾತು ಬೇರೆ ರೀತಿಯಲ್ಲಿ ನಿಜ. ದುಬೈ, ಕುವೈತ್, ದಮ್ಮಾಮಿನಲ್ಲಿ ದುಡಿಯುವ ಮಕ್ಕಳು ಕಳಿಸುವ ಹಣದಿಂದ ಉಡುಪಿ, ಭಟ್ಕಳ, ಮಂಗಳೂರಿನ ಎಷ್ಟೋ ಮನೆಗಳು ನಡೆಯುತ್ತವೆ, ಆ ಹಣವೂ ಜಿಲ್ಲಾ ಉತ್ಪನ್ನದ ಭಾಗವಲ್ಲ. ಹೀಗಾಗಿ ನಮ್ಮ ಪಟ್ಟಿ ಕೆಲವು ಜಿಲ್ಲೆಗಳ ಜನರನ್ನು ಇದ್ದುದಕ್ಕಿಂತ ಬಡವರನ್ನಾಗಿ, ಕೆಲವು ಜಿಲ್ಲೆಗಳವರನ್ನು ಇದ್ದುದಕ್ಕಿಂತ ಸಿರಿವಂತರನ್ನಾಗಿ ತೋರಿಸುತ್ತದೆ. ಎಷ್ಟರಮಟ್ಟಿಗೆ ಎಂಬುದನ್ನು ಹೇಳಬಲ್ಲ ಕುಟುಂಬ ಆದಾಯದ ಜಿಲ್ಲಾವಾರು ಸಮೀಕ್ಷೆ ಬೇಕು. ತಮ್ಮ ನಿರ್ದೇಶನಾಲಯ ಅದನ್ನು ಮೊದಲು ಎರಡು ಮೂರು ಜಿಲ್ಲೆಗಳಲ್ಲಾದರೂ ಕೈಗೆತ್ತಿಕೊಳ್ಳಬೇಕೆಂದು ಕೋರುತ್ತೇನೆ. ಯುರೋಪಿನಲ್ಲಿ ಪ್ರಾದೇಶಿಕ ಲೆಕ್ಕ ಪ್ರಕಟಿಸುವವರು ಉತ್ಪನ್ನದ ಪಟ್ಟಿಯ ಜೊತೆಗೆ ಕುಟುಂಬಗಳ ಆದಾಯದ ಪಟ್ಟಿಯನ್ನೂ ಕೊಡುತ್ತಾರೆ. ಲಕ್ಸೆಂಬರ್ಗ್‌ನಂಥ ಕಡೆ ಗಡಿಯಾಚೆಯಿಂದ ದಿನವೂ ಬಂದು ದುಡಿಯುವವರಿಂದಾಗಿ ತಲಾ ಉತ್ಪನ್ನ ಉಬ್ಬಿ ಕಾಣುತ್ತದೆ ಎಂಬ ಎಚ್ಚರಿಕೆಯನ್ನೂ ಬರೆಯುತ್ತಾರೆ. ಬೆಂಗಳೂರು ನಗರ ಜಿಲ್ಲೆಯ ಅಂಕಿಯ ಕೆಳಗೆ ಅಂಥದೊಂದು ವಾಕ್ಯ ಬರೆಯಲು ಹೆಚ್ಚು ಹಣವೇನೂ ಬೇಕಾಗದು.

ಇನ್ನು ಕಾಲದ ಪ್ರಶ್ನೆ. ಬೆಳವಣಿಗೆ ಎಂದರೆ ಒಂದು ವರ್ಷವನ್ನು ಇನ್ನೊಂದು ವರ್ಷದ ಪಕ್ಕದಲ್ಲಿಟ್ಟು ನೋಡುವುದು. ಯಾವ ವರ್ಷದ ಪಕ್ಕದಲ್ಲಿ ಎಂಬುದರ ಮೇಲೆ ಉತ್ತರ ಬದಲಾಗುತ್ತದೆ. ಈ ತನಕ ನಾವು ಬಳಸುತ್ತ ಬಂದ ಆಧಾರ ವರ್ಷ 2011-12. ಆ ವರ್ಷ ದೇಶಕ್ಕೆ ಸಾಧಾರಣ ವರ್ಷವಾಗಿದ್ದಿರಬಹುದು, ಬಳ್ಳಾರಿಗೆ ಖಂಡಿತ ಆಗಿರಲಿಲ್ಲ. ಅಕ್ರಮ ಗಣಿಗಾರಿಕೆ ಕುರಿತ ಲೋಕಾಯುಕ್ತರ ವರದಿ ಹೊರಬಿದ್ದ ಬೆನ್ನಿಗೇ 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯಲ್ಲಿ ಕಬ್ಬಿಣದ ಅದಿರಿನ ಗಣಿಗಾರಿಕೆಯನ್ನು ನಿಲ್ಲಿಸಿತು. ಮುಂದಿನ ತಿಂಗಳು ಚಿತ್ರದುರ್ಗ, ತುಮಕೂರು ಜಿಲ್ಲೆಗಳಿಗೂ ಆ ಆದೇಶ ವಿಸ್ತರಿಸಿತು. ಮರುವರ್ಷ ಹಂತಹಂತವಾಗಿ, ಅದೂ ಉತ್ಪಾದನೆಗೆ ಮಿತಿ ಹಾಕಿ, ಗಣಿಗಳು ಮತ್ತೆ ತೆರೆದವು. ಆದೇಶ ಸರಿಯಾದದ್ದೇ, ಅದರ ಬಗ್ಗೆ ನನಗೆ ಎರಡು ಮಾತಿಲ್ಲ. ಆದರೆ ಗಣಿ ನಿಂತ ವರ್ಷವನ್ನು ಮೊದಲ ಮೆಟ್ಟಿಲಾಗಿ ಇಟ್ಟುಕೊಂಡು ಅಳೆದರೆ ಆಮೇಲಿನ ಚೇತರಿಕೆಯೆಲ್ಲ ಬೆಳವಣಿಗೆಯಂತೆ ಕಾಣುತ್ತದೆ, ಗಣಿ ಅಬ್ಬರದ ವರ್ಷದಿಂದ ಅಳೆದರೆ ಅದೇ ಜಿಲ್ಲೆ ಕುಸಿದಂತೆ ಕಾಣುತ್ತದೆ. ಎರಡೂ ಲೆಕ್ಕಗಳು ಕಾಗದದ ಮೇಲೆ ಸರಿ, ಜಿಲ್ಲೆಯ ಬಗ್ಗೆ ಎರಡೂ ಅರ್ಧ ಸತ್ಯ ಹೇಳುತ್ತವೆ.

ಈಗ ರಾಷ್ಟ್ರೀಯ ಲೆಕ್ಕಗಳ ಆಧಾರ ವರ್ಷ 2022-23ಕ್ಕೆ ಸರಿಯುತ್ತಿದೆ. ಆ ವರ್ಷ ಕಲಬುರಗಿಯಲ್ಲಿ ಏನಾಗಿತ್ತು ಎಂಬುದನ್ನು ತಮಗೆ ನೆನಪಿಸಬೇಕಾಗಿಲ್ಲ. ಅತಿವೃಷ್ಟಿಯ ಹಿಂದೆಯೇ ತೊಗರಿಗೆ ನೆಟೆ ರೋಗ ಬಿದ್ದು, ಸರ್ಕಾರ ವಿಶೇಷ ಪರಿಹಾರ ಘೋಷಿಸಬೇಕಾಯಿತು. ತೊಗರಿಯ ಕಣಜ ಎನಿಸಿಕೊಂಡ, 2019ರಲ್ಲಿ ತನ್ನ ತೊಗರಿ ಬೇಳೆಗೆ ಭೌಗೋಳಿಕ ಸೂಚಕ ಪಡೆದ ಜಿಲ್ಲೆಗೆ ಅದು ಸಾಧಾರಣ ವರ್ಷವಲ್ಲ. ಅದರ ಮರುವರ್ಷ ಮೇಲೆ ಹೇಳಿದ ಬರ. ಮುಂದೆ ಒಂದು ಒಳ್ಳೆಯ ಮುಂಗಾರು ಬಂದಾಗ ಕಲಬುರಗಿಯ ಬೆಳವಣಿಗೆ ದರ ರಾಜ್ಯದಲ್ಲೇ ಅತಿ ಹೆಚ್ಚು ಎಂಬ ಶೀರ್ಷಿಕೆ ಬರುವುದು ಅಸಾಧ್ಯವೇನಲ್ಲ. ಆದ್ದರಿಂದ ಒಂದೇ ವರ್ಷದ ಬೆಳವಣಿಗೆ ದರದ ಮೇಲೆ ಜಿಲ್ಲೆಗಳಿಗೆ ಸ್ಥಾನ ಕೊಡುವ ಪದ್ಧತಿಯನ್ನು ಕೈಬಿಟ್ಟು, ಕನಿಷ್ಠ ಮೂರು ವರ್ಷಗಳ ಸರಾಸರಿಯನ್ನು ಕೊಡಬೇಕು. ಮಳೆಯಾಶ್ರಿತ ಜಿಲ್ಲೆಗಳಿಗೆ ಐದು ವರ್ಷದ್ದಾದರೆ ಇನ್ನೂ ಮೇಲು.

ಗಡಿ ಬದಲಾವಣೆಯ ತೊಂದರೆಯೂ ಇದರ ಜೊತೆಗಿದೆ. ರಾಮನಗರ ಜಿಲ್ಲೆ 2025ರಲ್ಲಿ ಬೆಂಗಳೂರು ದಕ್ಷಿಣ ಎಂದು ಹೆಸರು ಬದಲಿಸಿಕೊಂಡಿತು. ಅದು ರಾಜಕೀಯಕ್ಕೆ ದೊಡ್ಡ ಸಂಗತಿಯಾದರೂ ಲೆಕ್ಕಕ್ಕೆ ಏನೂ ಅಲ್ಲ. 2021ರಲ್ಲಿ ಬಳ್ಳಾರಿಯಿಂದ ವಿಜಯನಗರ ಜಿಲ್ಲೆ ಬೇರೆಯಾದದ್ದು ಹಾಗಲ್ಲ. ಸಂಡೂರು ತಾಲ್ಲೂಕು ಅದರ ಗಣಿಗಳೊಂದಿಗೆ, ತೋರಣಗಲ್ಲಿನೊಂದಿಗೆ ಬಳ್ಳಾರಿಯಲ್ಲೇ ಉಳಿಯಿತು. ಕೂಡ್ಲಿಗಿ, ಹೂವಿನಹಡಗಲಿ, ಹಗರಿಬೊಮ್ಮನಹಳ್ಳಿಯಂಥ ಒಣಬೇಸಾಯದ ತಾಲ್ಲೂಕುಗಳು ಹೊಸಪೇಟೆಯ ಜೊತೆಗೆ ಹೊಸ ಜಿಲ್ಲೆಗೆ ಹೋದವು. ಯಾರ ಮನೆಯಲ್ಲೂ ಒಂದು ರೂಪಾಯಿ ಹೆಚ್ಚದೆ, ಯಾರ ಮನೆಯಲ್ಲೂ ಒಂದು ರೂಪಾಯಿ ಕಡಿಮೆಯಾಗದೆ, ಎರಡೂ ಜಿಲ್ಲೆಗಳ ತಲಾ ಅಂಕಿ ಬದಲಾಗಲು ಇಷ್ಟು ಸಾಕು. ಹರಪನಹಳ್ಳಿ ತಾಲ್ಲೂಕಂತೂ 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆಗೆ ಹೋಗಿ, ಮತ್ತೆ ಬಳ್ಳಾರಿಗೆ ಮರಳಿ, ಆಮೇಲೆ ವಿಜಯನಗರ ಜಿಲ್ಲೆ ಸೇರಿತು. ಆ ತಾಲ್ಲೂಕಿನ ಒಬ್ಬ ಹಿರಿಯರು ಮನೆ ಬದಲಿಸದೆ ಮೂರು ಜಿಲ್ಲೆಗಳ ಸರಾಸರಿಯಲ್ಲಿ ಬಾಳಿದ್ದಾರೆ. ಇಂಥ ಜಿಲ್ಲೆಗಳಿಗೆ ಈಗಿನ ಗಡಿಯನ್ನು ಹಿಂದಿನ ವರ್ಷಗಳಿಗೂ ಅನ್ವಯಿಸಿ ತಯಾರಿಸಿದ ಹಿಂಸರಣಿ ಇಲ್ಲದಿದ್ದರೆ, ದೀರ್ಘಾವಧಿಯ ಹೋಲಿಕೆಯನ್ನು ಮಾಡದಿರುವುದೇ ಲೇಸು.

ಬೆಲೆಯ ವಿಷಯವನ್ನು ಚುಟುಕಾಗಿ ಹೇಳಿಬಿಡುತ್ತೇನೆ. ದೇಶದ ಕಾಫಿಯಲ್ಲಿ ಸುಮಾರು ಶೇ 70 ಕರ್ನಾಟಕದ್ದು, ಅದು ಬೆಳೆಯುವುದು ಮುಖ್ಯವಾಗಿ ಕೊಡಗು, ಚಿಕ್ಕಮಗಳೂರು, ಹಾಸನ ಜಿಲ್ಲೆಗಳಲ್ಲಿ. ರೊಬಸ್ಟಾ ಬೆಲೆ ಅಂತರರಾಷ್ಟ್ರೀಯ ಮಾರುಕಟ್ಟೆಯಲ್ಲಿ ಜಿಗಿದ ವರ್ಷ, ಒಂದು ಚೀಲವೂ ಹೆಚ್ಚು ಬೆಳೆಯದೆ, ಪ್ರಚಲಿತ ಬೆಲೆಯ, ಅಂದರೆ ಆಯಾ ವರ್ಷದ ಬೆಲೆಯ ಲೆಕ್ಕದಲ್ಲಿ ಕೊಡಗು ಮೇಲೇರುತ್ತದೆ. ಬೆಳೆಗಾರನಿಗೆ ಅದು ನಿಜವಾದ ಆದಾಯವೇ, ಅದನ್ನು ಅಲ್ಲಗಳೆಯಲಾಗದು. ಆದರೆ ಬೆಳವಣಿಗೆ ಎಂದಾಗ ಸ್ಥಿರ ಬೆಲೆಯ (ಆಧಾರ ವರ್ಷದ ಬೆಲೆಯ) ಅಂಕಿ, ಆದಾಯ ಎಂದಾಗ ಪ್ರಚಲಿತ ಬೆಲೆಯ ಅಂಕಿ ಎಂಬ ಶಿಸ್ತನ್ನು ಸಮೀಕ್ಷೆಯ ಸಾರಾಂಶದಲ್ಲೂ ಪತ್ರಿಕಾ ಪ್ರಕಟಣೆಯಲ್ಲೂ ಕಟ್ಟುನಿಟ್ಟಾಗಿ ಪಾಲಿಸಬೇಕು.

ವೇಗದ ಹೋಲಿಕೆಯೇ ಎಷ್ಟು ಮೋಸಗೊಳಿಸಬಲ್ಲದು ಎಂಬುದಕ್ಕೆ ಒಂದು ಸರಳ ಗಣಿತ ಸಾಕು. ಎರಡು ಜಿಲ್ಲೆಗಳ ತಲಾ ಉತ್ಪನ್ನದಲ್ಲಿ ಐದು ಪಟ್ಟು ಅಂತರವಿದೆ ಎಂದುಕೊಳ್ಳೋಣ. ಹಿಂದುಳಿದದ್ದು ವರ್ಷಕ್ಕೆ ಶೇ 10ರಂತೆ, ಮುಂದಿರುವುದು ಶೇ 8ರಂತೆ ಬೆಳೆಯುತ್ತವೆ ಎಂದುಕೊಳ್ಳೋಣ. ಪಟ್ಟಿಯಲ್ಲಿ ಹಿಂದುಳಿದ ಜಿಲ್ಲೆಗೆ ಪ್ರಶಂಸೆ ಸಿಗುತ್ತದೆ. ಆದರೆ ಈ ಎರಡು ಶೇಕಡಾ ಅಂಶಗಳ ಮುನ್ನಡೆಯನ್ನು ಒಂದು ವರ್ಷವೂ ತಪ್ಪದೆ ಕಾಯ್ದುಕೊಂಡರೂ ಅದು ಮುಂದಿನವರನ್ನು ಹಿಡಿಯಲು ಸುಮಾರು 88 ವರ್ಷ ಬೇಕು. ಅಷ್ಟೇ ಅಲ್ಲ, ಮೊದಲಲ್ಲಿ ರೂಪಾಯಿ ಲೆಕ್ಕದ ಅಂತರ ಹಿಗ್ಗುತ್ತಲೇ ಹೋಗುತ್ತದೆ: ಒಂದೂವರೆ ಲಕ್ಷಕ್ಕೆ ಶೇ 10 ಎಂದರೆ ಹದಿನೈದು ಸಾವಿರ, ಏಳೂವರೆ ಲಕ್ಷಕ್ಕೆ ಶೇ 8 ಎಂದರೆ ಅರವತ್ತು ಸಾವಿರ. ಶೇಕಡಾವಾರು ದರದ ಪಕ್ಕದಲ್ಲಿ ತಲಾ ರೂಪಾಯಿ ಏರಿಕೆಯನ್ನೂ ಅಚ್ಚು ಹಾಕಿದರೆ ಕನಿಷ್ಠ ಅಭಿನಂದನಾ ಸಮಾರಂಭಗಳು ಕಡಿಮೆಯಾಗುತ್ತವೆ.

ಈ ತಲಾ ಅಂಕಿಗೆ ಬೇಕಾದ ಜನಸಂಖ್ಯೆಯ ಗತಿಯೂ ಹೇಳುವಂತಿಲ್ಲ. 2021ರ ಜನಗಣತಿ ನಡೆಯಲಿಲ್ಲ. ಮುಂದಿನದಕ್ಕೆ 2027ರ ಮಾರ್ಚ್ 1 ಗಣನೆಯ ದಿನವೆಂದು ನಿಗದಿಯಾಗಿದೆ. ಅಲ್ಲಿಯವರೆಗೆ ನಾವು ಭಾಗಿಸುತ್ತಿರುವುದು 2011ರ ಎಣಿಕೆಯಿಂದ ಮುಂದಕ್ಕೆ ಎಳೆದ ಅಂದಾಜುಗಳಿಂದ. ಆ ಎಣಿಕೆಯಲ್ಲಿ ಬೆಂಗಳೂರು ನಗರ ಜಿಲ್ಲೆಯಲ್ಲಿ 96 ಲಕ್ಷ ಜನ, ರಾಜ್ಯದ 6.11 ಕೋಟಿಯಲ್ಲಿ ಶೇ 16ಕ್ಕೆ ಹತ್ತಿರ. ಆಮೇಲೆ ಆ ನಗರಕ್ಕೆ ಬಂದು ನೆಲೆಸಿದವರು ಅಂದಾಜಿಗಿಂತ ಹೆಚ್ಚಾಗಿದ್ದರೆ ಬೆಂಗಳೂರಿನ ತಲಾ ಅಂಕಿ ಉಬ್ಬಿದೆ ಎಂದೂ, ಅವರು ಬಿಟ್ಟುಬಂದ ಜಿಲ್ಲೆಗಳದು ಕುಗ್ಗಿದೆ ಎಂದೂ ಅರ್ಥ. ಐದು ಪಟ್ಟು ಎಂಬ ಅಂತರದಲ್ಲಿ ಎಷ್ಟು ಪಾಲು ನಿಜ, ಎಷ್ಟು ಪಾಲು ಹಳೆಯ ಜನಗಣತಿಯದು ಎಂಬುದು ಹೊಸ ಎಣಿಕೆ ಬಂದ ಮೇಲಷ್ಟೇ ತಿಳಿದೀತು. ಅಂತರವೇ ಇಲ್ಲವೆಂದು ಇದರಿಂದ ಯಾರೂ ತಿಳಿಯಬಾರದು. 2011ರಲ್ಲಿ ಯಾದಗಿರಿಯ ಸಾಕ್ಷರತೆ ಶೇ 52ನ್ನೂ ಮುಟ್ಟಿರಲಿಲ್ಲ, ದಕ್ಷಿಣ ಕನ್ನಡದ್ದು ಶೇ 88 ದಾಟಿತ್ತು. ಈ ಅಂಕಿ ಯಾವ ಹಂಚಿಕೆಯಿಂದಲೂ ಬಂದದ್ದಲ್ಲ, ಮನೆಮನೆಗೆ ಹೋಗಿ ಎಣಿಸಿದ್ದು.

ಇದೆಲ್ಲ ಜಿಲ್ಲೆಗಳೊಳಗಿನ ಜಗಳ, ರಾಜ್ಯಕ್ಕೇನು ಎಂದು ಕೇಳುವವರಿದ್ದಾರೆ. ಇದೇ ಪ್ರಶ್ನೆ ದೆಹಲಿಯಲ್ಲಿ ರಾಜ್ಯದ ಜೇಬಿಗೆ ತಟ್ಟಿದೆ. ಕೇಂದ್ರ ತೆರಿಗೆಗಳ ಹಂಚಿಕೆಯಲ್ಲಿ ಕರ್ನಾಟಕದ ಪಾಲು 14ನೇ ಹಣಕಾಸು ಆಯೋಗದ ಅವಧಿಯಲ್ಲಿ ಶೇ 4.713 ಇದ್ದದ್ದು 15ನೇ ಆಯೋಗದ ಶಿಫಾರಸಿನಲ್ಲಿ ಶೇ 3.647ಕ್ಕೆ ಇಳಿಯಿತು. ಆ ಸೂತ್ರದಲ್ಲಿ ಶೇ 45ರಷ್ಟು ತೂಕ ಇದ್ದದ್ದು ಆದಾಯದ ಅಂತರಕ್ಕೆ, ಅಂದರೆ ರಾಜ್ಯದ ತಲಾ ಆಂತರಿಕ ಉತ್ಪನ್ನ ಮುಂಚೂಣಿಯ ರಾಜ್ಯಕ್ಕಿಂತ ಎಷ್ಟು ಕೆಳಗಿದೆ ಎಂಬುದಕ್ಕೆ. ರಾಜ್ಯದ ಉತ್ಪನ್ನದಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಬೆಂಗಳೂರು ನಗರ ಜಿಲ್ಲೆಯೊಂದರದ್ದೇ. ಅದನ್ನು ಶೇ 36 ಎಂದು ಇಟ್ಟುಕೊಂಡು, ಜನಸಂಖ್ಯೆಯ ಪಾಲನ್ನು ಶೇ 16 ಎಂದು ಹಿಡಿದರೆ, ಬೆಂಗಳೂರನ್ನು ಬಿಟ್ಟು ಉಳಿದ ಕರ್ನಾಟಕದ ತಲಾ ಉತ್ಪನ್ನ ರಾಜ್ಯದ ಸರಾಸರಿಯ ಶೇ 76 ಆಗುತ್ತದೆ. ಜನಸಂಖ್ಯೆಯ ಪಾಲು ಈಗ ಶೇ 20 ಆಗಿದೆ ಎಂದು ಭಾವಿಸಿದರೂ ಶೇ 80. ನೂರಕ್ಕೆ ಎಂಬತ್ತು ಜನರ ಮಟ್ಟಿಗೆ ಸತ್ಯವಲ್ಲದ ಒಂದು ಸರಾಸರಿಯ ಮೇಲೆ ಆ ಎಂಬತ್ತು ಜನರ ಶಾಲೆ, ಆಸ್ಪತ್ರೆ, ರಸ್ತೆಗೆ ಬರಬೇಕಾದ ಹಣ ನಿರ್ಧಾರವಾಯಿತು. ಬೆಂಗಳೂರಿನ ಸಿರಿಯ ಲೆಕ್ಕ ಕಲಬುರಗಿಯ ತಲೆಗೂ ಬಿತ್ತು. ಬೆಂಗಳೂರು ಸಹಿತ ಮತ್ತು ಬೆಂಗಳೂರು ರಹಿತ ಎಂದು ರಾಜ್ಯದ ತಲಾ ಉತ್ಪನ್ನವನ್ನು ತಾವು ಪ್ರತಿವರ್ಷ ಎರಡು ಸಾಲುಗಳಲ್ಲಿ ಅಧಿಕೃತವಾಗಿ ಪ್ರಕಟಿಸುತ್ತ ಬಂದರೆ, ಮುಂದಿನ ಆಯೋಗಗಳ ಎದುರು ರಾಜ್ಯದ ವಾದಕ್ಕೆ ಅದಕ್ಕಿಂತ ಗಟ್ಟಿಯಾದ ದಾಖಲೆ ಬೇರೆ ಇರಲಾರದು. ಆದರೆ ಆಗ ಜಿಲ್ಲಾ ಅಂದಾಜುಗಳು ಹೇಗೆ ಬಂದವು ಎಂದು ಆಯೋಗ ಖಂಡಿತ ಕೇಳುತ್ತದೆ. ಹಂಚಿಕೆಯ ಅಂಕಿಗಳನ್ನು ಎಣಿಕೆಯ ಅಂಕಿಗಳೆಂಬಂತೆ ಮುಂದಿಟ್ಟರೆ ಆ ವಾದ ಅಲ್ಲೇ ಮುರಿದುಬೀಳುತ್ತದೆ.

ಪ್ರಾದೇಶಿಕ ಅಸಮಾನತೆಯನ್ನು ಅಳೆಯುವ ಬೇರೆ ದಾರಿಯನ್ನು ನಮ್ಮ ರಾಜ್ಯ ಹಿಂದೆ ಹಿಡಿದದ್ದುಂಟು. ಡಾ. ಡಿ. ಎಂ. ನಂಜುಂಡಪ್ಪ ಅವರ ಅಧ್ಯಕ್ಷತೆಯ ಉನ್ನತಾಧಿಕಾರ ಸಮಿತಿ 2002ರಲ್ಲಿ ವರದಿ ಕೊಟ್ಟಾಗ ಉತ್ಪನ್ನದ ಒಂದೇ ಅಂಕಿಯನ್ನು ನೆಚ್ಚಿಕೊಳ್ಳದೆ, 35 ಸೂಚಕಗಳನ್ನು ಕೂಡಿಸಿ, 175 ತಾಲ್ಲೂಕುಗಳನ್ನು ಒಂದೊಂದಾಗಿ ನೋಡಿತು. 114 ತಾಲ್ಲೂಕುಗಳು ಹಿಂದುಳಿದಿವೆ, ಅವುಗಳಲ್ಲಿ 39 ಅತ್ಯಂತ ಹಿಂದುಳಿದಿವೆ ಎಂದಿತು. ಆ 39ರಲ್ಲಿ 21 ಆಗಿನ ಗುಲ್ಬರ್ಗ ವಿಭಾಗದವು, ಆದರೆ 11 ಬೆಂಗಳೂರು ವಿಭಾಗದವೂ ಇದ್ದವು. ಜಿಲ್ಲೆಯ ಸರಾಸರಿ ಮುಚ್ಚಿಡುವುದನ್ನು ತಾಲ್ಲೂಕಿನ ಲೆಕ್ಕ ಹೊರಗೆಳೆಯುತ್ತದೆ ಎಂಬುದಕ್ಕೆ ಈ ಹನ್ನೊಂದಕ್ಕಿಂತ ಬೇರೆ ಸಾಕ್ಷಿ ಬೇಡ. ಆ ಸೂಚ್ಯಂಕಕ್ಕೂ ಒಂದು ಮಿತಿಯಿತ್ತು. ರಾಜ್ಯದ ಸರಾಸರಿಯನ್ನೇ ಒಂದು ಎಂದು ಇಟ್ಟುಕೊಂಡದ್ದರಿಂದ ಎಲ್ಲ ತಾಲ್ಲೂಕುಗಳೂ ಸುಧಾರಿಸಿದರೂ ಕೆಲವು ಸದಾ ಒಂದಕ್ಕಿಂತ ಕೆಳಗೇ ಕಾಣುತ್ತವೆ. ಆದರೂ ಶಾಲೆ, ಆಸ್ಪತ್ರೆಯ ಹಾಸಿಗೆ, ನೀರಾವರಿ, ಬ್ಯಾಂಕು ಶಾಖೆ ಇವೆಲ್ಲ ಕಣ್ಣಿಗೆ ಕಾಣುವ, ಎಣಿಸಬಹುದಾದ ಸಂಗತಿಗಳು. ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ವಿಧಿ ಜಾರಿಗೆ ಬಂದು, ಕಲ್ಯಾಣ ಕರ್ನಾಟಕದ ಮಂಡಳಿಗೆ ವರ್ಷಕ್ಕೆ ಸಾವಿರಾರು ಕೋಟಿ ರೂಪಾಯಿಯ ಅನುದಾನ ನಿಗದಿಯಾಗುತ್ತಿರುವ ಈ ಕಾಲದಲ್ಲಿ, ಆ ಹಣ ಏನು ಸಾಧಿಸಿತು ಎಂಬುದನ್ನು ಜಿಲ್ಲಾ ಉತ್ಪನ್ನದ ಬೆಳವಣಿಗೆ ದರದಿಂದ ಅಳೆಯಲು ಹೊರಡುವುದು ತಪ್ಪು. ಹಂಚಿಕೆಯ ವಲಯಗಳು ಹೇಗೂ ರಾಜ್ಯದ ವೇಗದಲ್ಲಿ ಏರುವುದರಿಂದ, ಒಂದು ಪೈಸೆ ಖರ್ಚಾಗದಿದ್ದರೂ ಆ ದರ ಸಾಕಷ್ಟು ಚೆನ್ನಾಗಿಯೇ ಕಾಣುತ್ತದೆ.

ಕೆಲಸಕ್ಕೆ ಇದು ಸಕಾಲ ಎಂದು ನಾನು ಭಾವಿಸಲು ಕಾರಣವಿದೆ. 2025ರ ಜನವರಿಯಿಂದ ರಾಷ್ಟ್ರೀಯ ಸಾಂಖ್ಯಿಕ ಕಚೇರಿಯ ನಿಯತಕಾಲಿಕ ಕಾರ್ಮಿಕ ಬಲ ಸಮೀಕ್ಷೆಯ ಮಾದರಿ ಆಯ್ಕೆಯಲ್ಲಿ ಬಹುತೇಕ ಕಡೆ ಜಿಲ್ಲೆಯನ್ನೇ ಮೂಲ ಘಟಕವಾಗಿ ಇಟ್ಟುಕೊಳ್ಳಲಾಗಿದೆ. ದುಡಿಯುವವರ ಸಂಖ್ಯೆಯ ಮೇಲೆ ಹಂಚುವ ಅನುಪಾತವನ್ನು ಹಳೆಯ ಗಣತಿಯಿಂದ ತರುವ ಬದಲು, ರಾಜ್ಯವೂ ತನ್ನ ಮಾದರಿಯನ್ನು ಸೇರಿಸಿ, ಜಿಲ್ಲೆಯಿಂದಲೇ ಪ್ರತಿವರ್ಷ ಪಡೆಯುವ ಅವಕಾಶ ಈಗ ಮೊದಲಿಗಿಂತ ಹೆಚ್ಚಾಗಿದೆ. ಅಸಂಘಟಿತ ಉದ್ಯಮಗಳ ಸಮೀಕ್ಷೆಗೂ ಈ ಮಾತು ಅನ್ವಯಿಸುತ್ತದೆ. ಅಲ್ಲದೆ, ಸ್ಥಿರಾಸ್ತಿ, ವಾಸದ ಮನೆಗಳ ಒಡೆತನ ಮತ್ತು ವೃತ್ತಿಪರ ಸೇವೆಗಳು ಎಂಬ ಒಂದೇ ಶೀರ್ಷಿಕೆಯಡಿ ಬೆಂಗಳೂರಿನ ಸಾಫ್ಟ್‌ವೇರ್ ರಫ್ತು, ಸ್ವಂತ ಮನೆಯಲ್ಲಿರುವವರಿಗೆ ಕಲ್ಪಿಸಿಕೊಂಡ ಬಾಡಿಗೆ, ತಾಲ್ಲೂಕು ಕೇಂದ್ರದ ವಕೀಲರ ಶುಲ್ಕ ಎಲ್ಲವೂ ಒಟ್ಟಾಗಿ ಬರುತ್ತವೆ. ರಾಜ್ಯದ ಉತ್ಪನ್ನದಲ್ಲಿ ಅತಿ ದೊಡ್ಡ ವಿಭಾಗ ಅದೇ. ಹೊಸ ಸರಣಿಯ ಜಿಲ್ಲಾ ಅಂದಾಜಿನಲ್ಲಿ ಅದನ್ನು ಕನಿಷ್ಠ ಮೂರು ಸಾಲುಗಳಾಗಿ ಬಿಡಿಸದೆ ಹೋದರೆ ಬೆಂಗಳೂರಿನ ಬೆಳವಣಿಗೆಯನ್ನಾಗಲಿ ಬೀದರಿನದನ್ನಾಗಲಿ ಅರ್ಥ ಮಾಡಿಕೊಳ್ಳಲು ಬರುವುದಿಲ್ಲ.

ಕೋರಿದ್ದೆಲ್ಲವನ್ನೂ ಒಂದೇ ವರ್ಷದಲ್ಲಿ ಮಾಡಲಾಗದು ಎಂಬುದು ನನಗೆ ಗೊತ್ತು. ಕುಟುಂಬ ಆದಾಯದ ಸಮೀಕ್ಷೆಗೆ ಹಣ ಬೇಕು, ಸಿಬ್ಬಂದಿ ಬೇಕು, ಸರ್ಕಾರದ ಒಪ್ಪಿಗೆ ಬೇಕು. ಆದರೆ ಜಿಲ್ಲಾ ಪಟ್ಟಿಯ ಪ್ರತಿ ಅಂಕಿಗೆ ಎಣಿಕೆ ಅಥವಾ ಹಂಚಿಕೆ ಎಂಬ ಗುರುತು ಹಾಕಲು ಬೇಕಾದ ಮಾಹಿತಿ ತಮ್ಮ ಕಚೇರಿಯ ಕಡತಗಳಲ್ಲೇ ಇದೆ, ಅಂದಾಜು ತಯಾರಿಸಿದ ಸಿಬ್ಬಂದಿಗೆ ಅದು ಬಾಯಿಪಾಠ. ಮುಂದಿನ ಆರ್ಥಿಕ ಸಮೀಕ್ಷೆ ಅಚ್ಚಿಗೆ ಹೋಗುವ ಮೊದಲು ಆ ಒಂದು ಕೆಲಸವಾಗಲಿ, ಅದರ ಜೊತೆಗೆ ಬಳ್ಳಾರಿ ಮತ್ತು ವಿಜಯನಗರ ಜಿಲ್ಲೆಗಳ ಹಿಂಸರಣಿಯನ್ನು 2011-12ರಿಂದ ಪ್ರತ್ಯೇಕವಾಗಿ ಪ್ರಕಟಿಸುವ ವ್ಯವಸ್ಥೆಯಾಗಲಿ ಎಂದು ವಿನಂತಿಸುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ಅರ್ಥಶಾಸ್ತ್ರ ಅಧ್ಯಾಪಕ,
ರಾಯಚೂರು